ಇವತ್ತಿನ ಗಾಳಿ ಎಷ್ಟು?

ಪ್ರೀತಿಯ ಪುಟ್ಟಿ,

ಪುಸ್ತಕದ ಪೆಟ್ಟಿಗೆ ನಿನ್ನ ಕೈಸೇರುವಾಗ ನೀನು ಹೊರಡಲು ಇನ್ನೂ ಎರಡು ವಾರ ಇರುತ್ತದೆ. ಒಬ್ಬಳೇ ಇಪ್ಪತ್ತು ದಿನ ನಡೆಯುತ್ತೇನೆ ಅಂತ ನೀನು ಫೋನಿನಲ್ಲಿ ಹೇಳಿದಾಗ ನನ್ನ ಬಾಯಿಂದ ಮೊದಲು ಬಂದದ್ದು ‘ಬೇಡ’. ಅದಕ್ಕೆ ನೀನು ಕೇಳಿದೆಯಲ್ಲ, ‘ಹಾಗಾದರೆ ಚಿಕ್ಕಂದಿನಿಂದ ನನಗೆ ಇದನ್ನೆಲ್ಲ ಯಾಕಮ್ಮ ಓದಿ ಹೇಳಿದೆ?’ ಆವತ್ತು ನಾನು ಉತ್ತರ ಕೊಡದೆ ಫೋನ್ ಇಟ್ಟುಬಿಟ್ಟೆ.

ತಪ್ಪು ನನ್ನದೇ. ನಿನಗೆ ಜ್ವರ ಬಂದ ರಾತ್ರಿಗಳಲ್ಲಿ ಹಿಮದಲ್ಲಿ ಸಿಕ್ಕಿಕೊಂಡವರ ಕಥೆ ಹೇಳಿದವಳು ನಾನು. ನಾನೋ, ಒಂದು ದಿನಕ್ಕೆ ಹತ್ತು ಕಿಲೋಮೀಟರಿಗಿಂತ ಹೆಚ್ಚು ನಡೆದವಳಲ್ಲ. ದೇಶ ಸುತ್ತು, ಕೋಶ ಓದು ಅನ್ನುವ ಗಾದೆಯಲ್ಲಿ ಕೂತು ಮಾಡುವ ಅರ್ಧವನ್ನಷ್ಟೇ ಮಾಡಿದವಳು.

ಪೆಟ್ಟಿಗೆಗೆ ಹಾಕುವ ಮುಂಚೆ ಎಲ್ಲವನ್ನೂ ಮತ್ತೊಮ್ಮೆ ಓದಿದೆ. ಹೊಟ್ಟೆಯಲ್ಲಿ ಹೆದರಿಕೆ ಇಟ್ಟುಕೊಂಡು ಓದಿದರೆ ಅದೇ ಪುಸ್ತಕ ಬೇರೆಯದೇ ಆಗುತ್ತದೆ ಕಣೇ. ಹಿಂದೆಲ್ಲ ನಾನು ನಡೆಯುವವರ ಬೆನ್ನು ಹಿಡಿದು ಹೋಗುತ್ತಿದ್ದೆ. ಈ ಸಲ ಪ್ರತಿ ಪುಟದಲ್ಲೂ ಹುಡುಕಿದ್ದು ಹಿಂದೆ ಉಳಿದವರನ್ನು.

ಮೇಲೆಯೇ ಇಟ್ಟಿರುವ ದಪ್ಪ ಪುಸ್ತಕ, ಸ್ಕಾಟ್‌ನ ಅಂಟಾರ್ಕ್ಟಿಕಾ ತಂಡದಲ್ಲಿದ್ದ ಚೆರ್ರಿ-ಗೆರಾರ್ಡ್ ಬರೆದ ‘ದ ವರ್ಸ್ಟ್ ಜರ್ನಿ ಇನ್ ದ ವರ್ಲ್ಡ್’. ಬಂದದ್ದು 1922ರಲ್ಲಿ. ನಿನಗೆ ನೆನಪಿರುವುದು ಮೊಟ್ಟೆಯ ಕಥೆ. 1911ರ ಜೂನ್ ಕೊನೆಯಲ್ಲಿ, ಅಂಟಾರ್ಕ್ಟಿಕಾದ ಹಗಲೇ ಇಲ್ಲದ ಚಳಿಗಾಲದಲ್ಲಿ, ವಿಲ್ಸನ್, ಬವರ್ಸ್ ಮತ್ತು ಈತ ಎಂಪರರ್ ಪೆಂಗ್ವಿನ್ನಿನ ಮೊಟ್ಟೆ ತರಲು ಹೊರಟದ್ದು. ಹಕ್ಕಿಗಳು ಸರೀಸೃಪಗಳಿಂದ ಬಂದವೇ ಅನ್ನುವುದಕ್ಕೆ ಆ ಮೊಟ್ಟೆಯೊಳಗಿನ ಭ್ರೂಣದಲ್ಲಿ ಸುಳಿವು ಸಿಗಬಹುದು ಅನ್ನುವ ಆಸೆ. ಚಳಿ ಸೊನ್ನೆಗಿಂತ 60 ಡಿಗ್ರಿ ಕೆಳಗೆ. ಒಮ್ಮೆ ಚೆರ್ರಿ-ಗೆರಾರ್ಡ್ ಡೇರೆಯಿಂದ ಹೊರಬಂದು ತಲೆಯೆತ್ತಿ ನೋಡಿದ್ದಷ್ಟೇ, ಬಟ್ಟೆ ಹಾಗೆಯೇ ಸೆಟೆದು ಹೆಪ್ಪುಗಟ್ಟಿತು; ನಾಲ್ಕು ಗಂಟೆ ತಲೆ ಮೇಲೆತ್ತಿಕೊಂಡೇ ಜಾರುಬಂಡಿ ಎಳೆದ. ಅದನ್ನು ಕೇಳಿ ನೀನು ಹಾಸಿಗೆಯಲ್ಲಿ ಬಿದ್ದು ಬಿದ್ದು ನಕ್ಕಿದ್ದೆ. ಆಮೇಲೆ ಬಿರುಗಾಳಿ ಡೇರೆಯನ್ನೇ ಹಾರಿಸಿಕೊಂಡು ಹೋಗಿ, ಗಾಳಿ ನಿಂತ ಮೇಲೆ ಅದು ಇಳಿಜಾರಿನ ಕೆಳಗೆ ಸಿಕ್ಕಿದ್ದು. ಐದು ವಾರ ನಡೆದು ತಂದದ್ದು ಮೂರು ಮೊಟ್ಟೆ. ಅವುಗಳಿಂದ ವಿಜ್ಞಾನಕ್ಕೆ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ.

ಇಲ್ಲಿಗೆ ನಿಲ್ಲಿಸಿ ನಾನು ದೀಪ ಆರಿಸುತ್ತಿದ್ದೆ. ಮುಂದಿನದನ್ನು ನಿನಗೆ ಹೇಳಿರಲಿಲ್ಲ.

ಮರುವರ್ಷ, 1912ರ ಮಾರ್ಚ್‌ನಲ್ಲಿ, ಇದೇ ಮನುಷ್ಯ ಕಾಯುವವನಾದ. ದಕ್ಷಿಣ ಧ್ರುವದಿಂದ ವಾಪಸಾಗುತ್ತಿದ್ದ ಸ್ಕಾಟ್ ತಂಡವನ್ನು ಎದುರುಗೊಳ್ಳಲು ನಾಯಿಗಳನ್ನು ಕಟ್ಟಿಕೊಂಡು ಹಿಮದ ನಡುವಿನ ಒಂದು ದಾಸ್ತಾನು ಜಾಗಕ್ಕೆ ಹೋದ. ಆ ತಂಡದಲ್ಲಿ ವಿಲ್ಸನ್ ಇದ್ದ, ಬವರ್ಸ್ ಇದ್ದ. ಆರು ದಿನ ಕಾದ. ಹೆಚ್ಚಿನ ದಿನ ಹಿಮಗಾಳಿ. ಕಣ್ಣು ಮೊದಲೇ ಮಂದ, ಕನ್ನಡಕ ಹಾಕಿದರೆ ಮಂಜುಗಟ್ಟುತ್ತದೆ. ನಾಯಿಗಳನ್ನು ಅಪಾಯಕ್ಕೆ ಒಡ್ಡಬೇಡ ಅನ್ನುವ ಆಜ್ಞೆ ಬೇರೆ. ಹಿಂತಿರುಗಿದ. ಅದೇ ತಿಂಗಳ ಕೊನೆಯಲ್ಲಿ ಸ್ಕಾಟ್, ವಿಲ್ಸನ್, ಬವರ್ಸ್ ಮೂವರೂ ಸತ್ತದ್ದು ಆ ಜಾಗಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ. ನವೆಂಬರಿನಲ್ಲಿ ಅವರ ಡೇರೆಯನ್ನು ಕಂಡವರಲ್ಲಿ ಇವನೂ ಒಬ್ಬ. ಅವನು ಕಾಯುತ್ತಿದ್ದಾಗ ಅವರಿನ್ನೂ ಬಹಳ ಹಿಂದೆ ಇದ್ದರು; ಮುಂದೆ ಹೋಗಿದ್ದರೂ ಆ ಬಿಳಿ ಬಯಲಿನಲ್ಲಿ ಅವರು ಕಣ್ಣಿಗೆ ಬೀಳುತ್ತಿದ್ದರೋ ಇಲ್ಲವೋ. ಆದರೂ ಇನ್ನೊಂದಷ್ಟು ದೂರ ಹೋಗಬೇಕಿತ್ತೇ ಅನ್ನುವ ಪ್ರಶ್ನೆ ಸಾಯುವವರೆಗೂ ಅವನನ್ನು ಬಿಡಲಿಲ್ಲ. ಪುಸ್ತಕದ ಹೆಸರಿನ ಅತಿ ಕೆಟ್ಟ ಪ್ರಯಾಣ ಅಂದರೆ ಮೊಟ್ಟೆ ತರಲು ಹೋದದ್ದು. ನನಗೆ ಮಾತ್ರ ಈ ಸಲ ಆ ಆರು ದಿನವೇ ಹೆಚ್ಚು ಭಾರವಾಗಿ ಕಂಡಿತು.

ಅದರ ಕೆಳಗಿರುವುದು, ಅದೇ ಕಾಲದಲ್ಲಿ ಅಂಟಾರ್ಕ್ಟಿಕಾಕ್ಕೆ ಹೋದ ಆಸ್ಟ್ರೇಲಿಯಾದ ತಂಡದ ನಾಯಕ ಮಾಸನ್ ಬರೆದ ‘ದ ಹೋಮ್ ಆಫ್ ದ ಬ್ಲಿಜರ್ಡ್’, 1915ರದ್ದು. ಗಾಳಿಯ ಬಗ್ಗೆ ಓದಬೇಕೆಂದರೆ ಇದನ್ನು ಓದು. ಅಂಟಾರ್ಕ್ಟಿಕಾದ ಎತ್ತರದ ಮಂಜುಗಡ್ಡೆಯ ಮೇಲೆ ಗಾಳಿ ತಣ್ಣಗಾಗಿ, ತೂಕ ಬಂದು, ಇಳಿಜಾರಿನಲ್ಲಿ ನೀರು ಹರಿದಂತೆ ಸಮುದ್ರದ ಕಡೆಗೆ ಸುರಿಯುತ್ತದೆ. ಅದು ಸುರಿಯುವ ದಾರಿಯಲ್ಲೇ ಇವರು ಗುಡಿಸಲು ಕಟ್ಟಿಕೊಂಡಿದ್ದರು, ಗೊತ್ತಿಲ್ಲದೆ. ಮೊದಲ ವರ್ಷದ ಸರಾಸರಿಯೇ ಗಂಟೆಗೆ ಸುಮಾರು 80 ಕಿಲೋಮೀಟರ್! ಗಾಳಿಗೆ ಮೈವಾಲಿಸಿ ನಡೆಯುವುದನ್ನು ಕಲಿತರಂತೆ. ಗಾಳಿ ತಟ್ಟನೆ ನಿಂತರೆ ಮುಖ ಅಡಿಯಾಗಿ ಬೀಳುತ್ತಿದ್ದರಂತೆ. ಮಾಸನ್ನನ ಒಂಟಿ ನಡಿಗೆ ನಿನಗೆ ಗೊತ್ತೇ ಇದೆ. ಒಬ್ಬ ಜೊತೆಗಾರ ಡೇರೆ, ಆಹಾರ, ನಾಯಿಗಳ ಸಮೇತ ಹಿಮದ ಬಿರುಕಿಗೆ ಬಿದ್ದ, ಇನ್ನೊಬ್ಬ ದಾರಿಯಲ್ಲಿ ತೀರಿಕೊಂಡ, ಈತನ ಅಂಗಾಲಿನ ಚರ್ಮ ಪೂರ್ತಿ ಕಳಚಿ ಬಂತು, ಅದನ್ನೇ ಕಟ್ಟಿಕೊಂಡು ನಡೆದ. 1913ರ ಫೆಬ್ರವರಿ 8ರಂದು ಗುಡಿಸಲು ಮುಟ್ಟಿದರೆ ಹಡಗು ಕೆಲವೇ ಗಂಟೆ ಮೊದಲು ಹೊರಟುಹೋಗಿತ್ತು.

ಆದರೆ ಗುಡಿಸಲು ಖಾಲಿ ಇರಲಿಲ್ಲ ಪುಟ್ಟಿ. ಆರು ಜನ ಉಳಿದಿದ್ದರು. ಮೂವರೂ ಸತ್ತಿರಬಹುದು ಅಂತ ಗೊತ್ತಿದ್ದೂ, ಆ ಗಾಳಿಯಲ್ಲಿ ಇನ್ನೊಂದು ವರ್ಷ ಕಳೆಯಲು ಒಪ್ಪಿ ಉಳಿದವರು. ಅವರ ಹೆಸರು ಎಷ್ಟು ಜನರಿಗೆ ನೆನಪಿದೆ? ನನಗೂ ಈ ಸಲವೇ ಬಾಯಿಪಾಠ ಆದದ್ದು.

ವಿಮಾನ ಹಾರಿಸುತ್ತಿದ್ದ ಫ್ರೆಂಚ್ ಲೇಖಕ ಸಾಂತ್-ಎಕ್ಸ್ಯುಪೆರಿಯ ಪುಸ್ತಕದಲ್ಲಿ ಒಂದು ಪುಟಕ್ಕೆ ಗುರುತಿನ ಚೀಟಿ ಇಟ್ಟಿದ್ದೇನೆ. ಅವನ ಗೆಳೆಯ ಗಿಯೋಮೆ 1930ರಲ್ಲಿ ಆಂಡೀಸ್ ಬೆಟ್ಟಗಳಲ್ಲಿ ವಿಮಾನ ಸಮೇತ ಬಿದ್ದು, ಹಿಮದಲ್ಲಿ ದಿನಗಟ್ಟಲೆ ನಡೆದ. ಸಾಕಾಗಿ ಒಂದೆಡೆ ಬಿದ್ದುಕೊಂಡಾಗ ಅವನಿಗೆ ಹೆಂಡತಿಯ ನೆನಪಾಯಿತು. ಪ್ರೀತಿಯ ನೆನಪಲ್ಲ, ವಿಮೆಯ ನೆನಪು. ಹೆಣ ಸಿಗದಿದ್ದರೆ ಸತ್ತನೆಂದು ಕಾನೂನು ಒಪ್ಪಲು ನಾಲ್ಕು ವರ್ಷ, ಅಲ್ಲಿಯವರೆಗೆ ಅವಳ ಕೈಗೆ ಹಣವಿಲ್ಲ. ಮುಂದೆ ಒಂದು ಬಂಡೆ ಕಾಣುತ್ತಿತ್ತು. ಅದಕ್ಕೆ ಒರಗಿಕೊಂಡರೆ ಹಿಮ ಕರಗಿದಾಗ ಹೆಣ ಸಿಗುತ್ತದೆ ಅಂದುಕೊಂಡು ಎದ್ದ. ಎದ್ದವನು ನಡೆಯುತ್ತಲೇ ಹೋದ, ಬದುಕಿದ. ಧೈರ್ಯದ ಬಗ್ಗೆ ಓದಿದ್ದರಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ. ಎಷ್ಟು ಲೆಕ್ಕಾಚಾರದ್ದು, ಎಷ್ಟು ಮನೆಯದು!

ಡೇವಿಡ್-ನೀಲ್ ಅಮ್ಮನ ಪುಸ್ತಕವನ್ನು ಸ್ವಲ್ಪ ಹಿಂಜರಿಕೆಯಿಂದಲೇ ಹಾಕಿದ್ದೇನೆ. ಐವತ್ತೈದರ ವಯಸ್ಸಿನಲ್ಲಿ ಭಿಕ್ಷುಕಿಯ ವೇಷ ಹಾಕಿ 1924ರಲ್ಲಿ, ಹೊರದೇಶದವರನ್ನು ಬಿಡದಿದ್ದ ಟಿಬೆಟ್ಟಿನ ಲ್ಹಾಸಾ ಹೊಕ್ಕವಳು. ಆ ಬಗ್ಗೆ ತಕರಾರಿಲ್ಲ. ಆದರೆ ಮನೆಯಲ್ಲಿ ಗಂಡನಿಗೆ ಹದಿನೆಂಟು ತಿಂಗಳಲ್ಲಿ ಬರುತ್ತೇನೆ ಅಂತ ಹೇಳಿ 1911ರಲ್ಲಿ ಹೊರಟವಳು ವಾಪಸಾದದ್ದು 1925ರಲ್ಲಿ. ಕಾಗದಗಳನ್ನಂತೂ ಬರೆಯುತ್ತಲೇ ಇದ್ದಳು. ಇದು ನಿನಗೆ ಮೇಲ್ಪಂಕ್ತಿ ಆಗದಿರಲಿ.

ರಾಬಿನ್ ಡೇವಿಡ್‌ಸನ್ನಳ ‘ಟ್ರ್ಯಾಕ್ಸ್’ ಓದುವಾಗ ಮೊದಲು ಸಿಟ್ಟು ಬಂತು. 1977ರಲ್ಲಿ ನಾಲ್ಕು ಒಂಟೆ, ಒಂದು ನಾಯಿಯೊಡನೆ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಸುಮಾರು 2,700 ಕಿಲೋಮೀಟರ್ ನಡೆದ ಹುಡುಗಿ. ಅವಳಿಗೆ ಯಾರೂ ತನ್ನನ್ನು ನೋಡುತ್ತಿರಬಾರದು. ನಡುನಡುವೆ ಬರುವ ಫೋಟೊಗ್ರಾಫರ್ ಕಂಡರೂ ಕಿರಿಕಿರಿ. ಯಾರಾದರೂ ಒಬ್ಬರು ನೋಡಿಕೊಂಡು ಹೋಗಲು ಬರುತ್ತಿದ್ದಾರಲ್ಲ, ಇವಳಿಗೇನು ಧಾಡಿ ಅಂದುಕೊಂಡೆ. ಎರಡು ದಿನ ಬಿಟ್ಟು ಹೊಳೆಯಿತು, ನಾನು ಅಂದುಕೊಂಡದ್ದು ಅವಳಿಗಲ್ಲ, ನಿನಗೆ. ಹೊರಡುವ ಮುಂಚೆ ಅವಳು ಒಂಟೆ ಪಳಗಿಸುವುದನ್ನು ಕಲಿಯಲು ಸುಮಾರು ಎರಡು ವರ್ಷ ದುಡಿದಳು ಅನ್ನುವುದನ್ನು ಗಮನಿಸು. ನಿನ್ನ ಹೊಸ ಬೂಟಿನಲ್ಲಿ ಈ ಎರಡು ವಾರ ದಿನಾ ನಡೆದು ಅದನ್ನು ಪಳಗಿಸು.

ಲೀ ಫರ್ಮರ್‌ನ ಪುಸ್ತಕ ಪೆಟ್ಟಿಗೆಯಲ್ಲಿಲ್ಲ. ಅದು ನಿನ್ನ ಹತ್ತಿರವೇ ಇದೆ, ಒಯ್ದವಳು ವಾಪಸ್ ಕೊಡಲಿಲ್ಲ. ಹದಿನೆಂಟರ ಹುಡುಗ ಯೂರೋಪನ್ನು ನಡೆದು ದಾಟಲು ಹೊರಟು, ಮ್ಯೂನಿಕ್‌ನಲ್ಲಿ ಬೆನ್ನುಚೀಲವನ್ನೇ ಕಳವು ಮಾಡಿಸಿಕೊಂಡ. ಪಾಸ್‌ಪೋರ್ಟ್ ಹೋಯಿತು, ಬರೆದಿಟ್ಟ ಟಿಪ್ಪಣಿಯೂ ಹೋಯಿತು. ಗುರುತಿನ ಕಾಗದಗಳನ್ನು ಚೀಲದಲ್ಲಲ್ಲ, ಮೈಮೇಲೆ ಇಟ್ಟುಕೋ.

ಇಷ್ಟನ್ನೂ ಹೊತ್ತುಕೊಂಡು ಹೋಗಲಾಗದು, ಗೊತ್ತು. ಒಂದನ್ನೇ ಒಯ್ಯುವುದಾದರೆ ನ್ಯಾನ್ ಶೆಫರ್ಡ್‌ಳ ‘ದ ಲಿವಿಂಗ್ ಮೌಂಟನ್’ ಒಯ್ಯಿ. ತೆಳ್ಳಗಿದೆ, ತೂಕವಿಲ್ಲ. ಸ್ಕಾಟ್ಲೆಂಡಿನ ಒಂದೇ ಬೆಟ್ಟಸಾಲನ್ನು ಜೀವನಪೂರ್ತಿ ನಡೆದವಳು. ತುದಿ ಮುಟ್ಟುವ ಆತುರ ಇಲ್ಲ. ಬರಿಗಾಲಲ್ಲಿ ನಡೆಯುತ್ತಾಳೆ, ಬಗ್ಗಿ ಕಾಲುಗಳ ನಡುವಿನಿಂದ ಲೋಕವನ್ನು ತಲೆಕೆಳಗಾಗಿ ನೋಡುತ್ತಾಳೆ. ನಲವತ್ತರ ದಶಕದಲ್ಲಿ ಬರೆದದ್ದನ್ನು ಮೇಜಿನ ಖಾನೆಯಲ್ಲಿ ಮೂವತ್ತು ವರ್ಷ ಇಟ್ಟುಕೊಂಡಿದ್ದಳು. ಅದು ಅಚ್ಚಾದಾಗ, 1977ರಲ್ಲಿ, ಅವಳಿಗೆ ಎಂಬತ್ತನಾಲ್ಕು.

ಅದರೊಳಗೆ ನಾನೇ ಕೈಯಾರೆ ಬರೆದ ಒಂದು ಚೀಟಿ ಇದೆ, ಕಳೆಯಬೇಡ. ಬ್ಯೂಫೋರ್ಟ್ ಮಾಪಕ, ಗಾಳಿಯ ಬಿರುಸನ್ನು 0ಯಿಂದ 12ರವರೆಗಿನ ಅಂಕಿಯಲ್ಲಿ ಹೇಳುವ ಪಟ್ಟಿ. 1805ರ ಸುಮಾರಿಗೆ ಬ್ಯೂಫೋರ್ಟ್ ಅನ್ನುವ ನೌಕಾಧಿಕಾರಿ ಗಾಳಿಯನ್ನು ಹೀಗೆ ಎಣಿಸಲು ಶುರುಮಾಡಿದ. ನೆಲದ ಮೇಲಿನವರಿಗೆ ಒಗ್ಗುವ ಗುರುತುಗಳನ್ನು ಆಮೇಲೆ ಬೇರೆಯವರು ಸೇರಿಸಿದರು. ಅದಕ್ಕೆ ಉಪಕರಣ ಬೇಡ. ಹೊಗೆ ನೆಟ್ಟಗೆ ಏಳುತ್ತಿದ್ದರೆ 0. ಎಲೆ ಸದ್ದುಮಾಡಿ ಮುಖಕ್ಕೆ ಗಾಳಿ ತಾಗಿದರೆ 2. ಸಣ್ಣ ಮರಗಳು ತೂಗಿದರೆ 5. ಕೊಡೆ ಹಿಡಿಯುವುದು ಕಷ್ಟವಾದರೆ 6. ಗಾಳಿಗೆ ಎದುರಾಗಿ ನಡೆಯುವುದೇ ತ್ರಾಸವಾದರೆ 7. ಮರದ ಸಣ್ಣ ರೆಂಬೆ ಮುರಿದರೆ 8. ಮಾಸನ್ನನ ಗುಡಿಸಲಿನ ವರ್ಷದ ಸರಾಸರಿ ಈ ಲೆಕ್ಕದಲ್ಲಿ 9. ‘ಬೇಡ’ ಅಂದ ದಿನ ನಾನೂ ಸುಮಾರು ಅಲ್ಲಿಯೇ ಇದ್ದೆ.

ದಿನಾ ಫೋನ್ ಮಾಡು ಅಂತ ಕೇಳುವುದಿಲ್ಲ, ಫೋಟೊ ಕಳಿಸು ಅಂತಲೂ ಇಲ್ಲ. ಸಂಜೆ ಡೇರೆ ಹಾಕಿದ ಮೇಲೆ, ಸಿಗ್ನಲ್ ಸಿಕ್ಕರೆ, ಒಂದು ಅಂಕಿ ಕಳಿಸು ಸಾಕು. 3 ಅಂತ ಬಂದರೆ ನಾನು ಎಲೆಯೂ ಸಣ್ಣ ರೆಂಬೆಯೂ ಅಲ್ಲಾಡುತ್ತಿವೆ ಅಂದುಕೊಂಡು ಮಲಗುತ್ತೇನೆ. 7 ಬಂದರೆ ಮಲಗುವುದಿಲ್ಲ, ಆದರೆ ನಿನಗೆ ಫೋನೂ ಮಾಡುವುದಿಲ್ಲ.

ಇಲ್ಲಿ ಈಗ 1. ಹೊಗೆ ಸ್ವಲ್ಪ ವಾಲಿದೆ, ಅಷ್ಟೇ.

ನಿನ್ನ
ಅಮ್ಮ