ಅಸಿಸ್ಟೆಂಟ್ ವಿಷಯಕ್ಕೆ ಅಪ್ಪನಿಗೆ ಉತ್ತರ

ವ್ಯಾಂಕೂವರ್
11 ಅಕ್ಟೋಬರ್ 2025

ತೀರ್ಥರೂಪ ಅಪ್ಪ, ಮಾತೃಶ್ರೀ ಅಮ್ಮ ಇವರಿಗೆ ನಮಸ್ಕಾರಗಳು.

ನಾನು ಕ್ಷೇಮ. ಅಲ್ಲಿ ಎಲ್ಲರೂ ಕ್ಷೇಮ ಅಂದುಕೊಂಡಿದ್ದೇನೆ. ಅಜ್ಜಿಯ ಕೆಮ್ಮು ಕಡಿಮೆಯಾದದ್ದು ಓದಿ ಸಮಾಧಾನವಾಯಿತು. ಉಳಿದ ಪತ್ರ ಓದಿ ಸಮಾಧಾನ ಆಗಲಿಲ್ಲ.

ಅಡಿಕೆಗೆ ಮದ್ದು ಹೊಡೆದರೂ ಕೊಳೆರೋಗ ನಿಲ್ಲಲಿಲ್ಲ, ಸೊಸೈಟಿಯ ಸಾಲದ ಕಂತು ಬಾಕಿ ಇದೆ, ಹೀಗಿರುವಾಗ ನೀನು ಮುಖ ನೋಡದ ಒಬ್ಬಳಿಗೆ ಸಂಬಳ ಕೊಟ್ಟು ಕೂತಿದ್ದೀಯಂತೆ ಅಂತ ಬರೆದಿದ್ದೀರಿ. ಈ ಸುದ್ದಿ ಮುಟ್ಟಿಸಿದ್ದು ದೊಡ್ಡಪ್ಪನ ಮಗ ಪ್ರಸಾದನೇ. ವಾಟ್ಸಾಪಿನಲ್ಲಿ ಅವನಿಗೆ ಒಂದು ಮಾತು ಹೇಳಿದರೆ ಸಂಜೆಯೊಳಗೆ ಬದಿಯಡ್ಕ ಪೇಟೆಗೆ ಮುಟ್ಟುತ್ತದೆ. ಫೋನಿನಲ್ಲಿ ಹೇಳೋಣ ಅಂದರೆ ಅಮ್ಮ ಅಳುತ್ತಾಳೆ, ನೀವು ಸುಮ್ನೆ ಹೂಂ ಅನ್ನುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಹಣದ ಮಾತು. ಈ ತಿಂಗಳ ಹಣ ತಡವಾದದ್ದು ಸಂಬಳ ಕೊಟ್ಟದ್ದರಿಂದ ಅಲ್ಲ. ನಾನು ಗಾಯದ ಮೇಕಪ್ ಮಾಡಿಕೊಟ್ಟ ಒಂದು ಶೂಟಿಂಗಿನವರು ಬಿಲ್ಲಿನ ಹಣ ಕೊಟ್ಟಿರಲಿಲ್ಲ. 30 ದಿನದಲ್ಲಿ ಕೊಡಬೇಕು ಅಂತ ಬಿಲ್ಲಿನಲ್ಲೇ ಬರೆದಿರುತ್ತದೆ. ಇಲ್ಲಿಯವರದು ಒಂದು ವಿಚಿತ್ರ. ನಾವು ಅವರ ಕಾಲು ತುಳಿದರೂ ಸಾರಿ ಹೇಳುವವರು ಅವರೇ. ಹಣ ಕೇಳಿದರೂ ಅಷ್ಟೇ ವಿನಯವಾಗಿ ಸಾರಿ ಹೇಳುತ್ತಾರೆ, ಹಣ ಮಾತ್ರ ಬರಲ್ಲ. ನನಗೆ ಎರಡನೇ ಸಲ ಕೇಳಲು ನಾಚಿಕೆ. ನನ್ನ ಅಸಿಸ್ಟೆಂಟ್ ಹುಡುಗಿಗೆ ನಾಚಿಕೆ ಇಲ್ಲ. ಪ್ರತಿ ಸೋಮವಾರ ಅವರಿಗೆ ಒಂದು ಮೇಲ್, ಜೊತೆಗೆ ಬಿಲ್ಲಿನ ಕಾಪಿ. ಕಡೆಗೆ ಅವರೇ ಬೇಸತ್ತು ಕಳಿಸಿದರು. ನಿಮ್ಮ ಖಾತೆಗೆ ಬಂದದ್ದು ಅದೇ ಹಣ.

ಅವಳಿರುವುದು ಫಿಲಿಪೈನ್ಸಿನಲ್ಲಿ. ಅಲ್ಲಿ ಇಂಗ್ಲಿಷ್ ಕೂಡ ಸರ್ಕಾರಿ ಭಾಷೆ. ಮನೆಯಲ್ಲಿ ಒಂದು, ಪೇಟೆಯಲ್ಲಿ ಒಂದು, ಆಫೀಸಿನಲ್ಲಿ ಇನ್ನೊಂದು ಭಾಷೆ. ಕಾಸರಗೋಡಿನವರಿಗೆ ಅದೇನು ಹೊಸತಾ? ಈಗ ಅವರ ಗಡಿಯಾರ ನನಗಿಂತ 15 ಗಂಟೆ ಮುಂದೆ. ನಾನು ಸಂಜೆ ಕೈ ತೊಳೆಯುವಾಗ ಅವಳಿಗೆ ಮರುದಿನ ಬೆಳಿಗ್ಗೆ. ನಾನು ಮಲಗಿರುವಾಗ ಮೇಲ್‌ಗಳಿಗೆಲ್ಲ ಉತ್ತರ ಹೋಗಿರುತ್ತದೆ. ಅವಳಿಗೆ ಗಂಟೆಗೆ 8 ಡಾಲರ್, ವಾರಕ್ಕೆ 15 ಗಂಟೆ ಕೆಲಸ. ಇಲ್ಲಿ ಒಬ್ಬರನ್ನು ಇಟ್ಟುಕೊಂಡರೆ ಗಂಟೆಗೆ ಕನಿಷ್ಠ 17 ಡಾಲರ್ 85 ಸೆಂಟ್ ಕೊಡಬೇಕು, ಇದು ಈ ಪ್ರಾಂತ್ಯದ ಕಾನೂನು. ಲೆಕ್ಕ ನೀವೇ ಹಾಕಿ.

"ಬಣ್ಣ ಹಚ್ಚುವ ಕೆಲಸಕ್ಕೆ ಗುಮಾಸ್ತೆ ಯಾಕೆ" ಅಂತ ಕೇಳಿದ್ದೀರಿ. ಅಪ್ಪ, ಯಕ್ಷಗಾನದ ಚೌಕಿಯಲ್ಲಿ ಬಣ್ಣದ ವೇಷದವರು ಮುಖಕ್ಕೆ ಚುಟ್ಟಿ ಇಡುತ್ತಾ ಕೂತಿರುವಾಗ ಯಾರಾದರೂ ಹೋಗಿ ಮುಂದಿನ ತಿಂಗಳ ಆಟದ ದಿನ ಕೇಳುತ್ತಾರಾ? ಅದಕ್ಕೆ ಮೇಳದ ಮ್ಯಾನೇಜರ್ ಇರುತ್ತಾರೆ. ನನ್ನದೂ ಅಷ್ಟೇ.

ನಿಮ್ಮ ಹಲ್ಲಿನ ಸೆಟ್ ಮಾಡಿಸುವಾಗ ಡಾಕ್ಟರು ಅಚ್ಚು ತೆಗೆಯಲು ಬಾಯಿಗೆ ಪೇಸ್ಟ್ ತುಂಬಿದರಲ್ಲ, ಆಲ್ಜಿನೇಟ್ ಅಂತ, ಸಮುದ್ರದ ಪಾಚಿಯಿಂದ ಮಾಡುವುದು. ನಾವು ಅದನ್ನು ನಟರ ಇಡೀ ಮುಖಕ್ಕೆ ಮೆತ್ತುತ್ತೇವೆ. ಕಣ್ಣು, ಬಾಯಿ ಎಲ್ಲ ಮುಚ್ಚಿ ಮೂಗಿನ ತೂತು ಮಾತ್ರ ಬಿಡುವುದು. ಮೇಲಿಂದ ಪ್ಲಾಸ್ಟರ್ ಬ್ಯಾಂಡೇಜ್. ಒಳಗಿರುವವರಿಗೆ ಏನೂ ಕಾಣದು, ಮಾತಾಡಲೂ ಆಗದು. ಏನಾದರೂ ತೊಂದರೆ ಆದರೆ ಕೈ ಎತ್ತುತ್ತಾರೆ. ನಾನು ಅವರ ಮೂಗಿನಿಂದ ಕಣ್ಣು ತೆಗೆಯುವ ಹಾಗಿಲ್ಲ. ಸರಿಯಾಗಿ ಆಗಲೇ ಫೋನ್ ಬಡಿದುಕೊಳ್ಳುವುದು. ಕೃತಕ ಚರ್ಮಕ್ಕೆ ಸಿಲಿಕೋನ್ ಕಲಸುವಾಗಲೂ ಹಾಗೇ. ಎರಡು ಡಬ್ಬಿಯದ್ದು ಸೇರಿಸಿದ ಮೇಲೆ ಅದು ನಮಗೆ ಕಾಯಲ್ಲ, ಗಟ್ಟಿಯಾಗುತ್ತಾ ಹೋಗುತ್ತದೆ. ಲೇಟೆಕ್ಸ್, ಅಂದರೆ ರಬ್ಬರ್ ಹಾಲಿನ ಗ್ಲೌಸಿನಲ್ಲಿ ಮುಟ್ಟಿದರೆ ಅದರಲ್ಲಿರುವ ಗಂಧಕಕ್ಕೆ ಸಿಲಿಕೋನ್ ಅಂಟಂಟಾಗಿಯೇ ಉಳಿಯುತ್ತದೆ. ಮತ್ತೆ ಅದು ಕಸಕ್ಕೆ. ಆ ಡಬ್ಬಿಗಳ ಬೆಲೆ ಬರೆಯುವುದಿಲ್ಲ, ಅಮ್ಮ ಓದುತ್ತಾಳೆ.

ಇನ್ನು ನಂಬಿಕೆಯ ಮಾತು. ಮಾಷ್ಟ್ರು ಒಟಿಪಿ ಹೇಳಿ ಹಣ ಕಳೆದುಕೊಂಡದ್ದು ನನಗೂ ಗೊತ್ತು. ನನ್ನ ಬ್ಯಾಂಕ್ ಅವಳ ಕೈಯಲ್ಲಿಲ್ಲ. ಬಿಲ್ ಬರೆಯಬಹುದು, ಹಣ ಬಂತಾ ಅಂತ ನೋಡಬಹುದು, ಒಂದು ಸೆಂಟೂ ಅಲ್ಲಿಂದ ಇಲ್ಲಿಗೆ ಕಳಿಸಲಾಗದು. ಸಿನಿಮಾದವರ ಫೋಟೋ ಹೊರಗೆ ಬಿಡುವುದಿಲ್ಲ ಅಂತ ಸಹಿ ಮಾಡಿಕೊಟ್ಟಿದ್ದಾಳೆ. ಮತ್ತೆ ನಾನೇನು ಕಣ್ಣು ಮುಚ್ಚಿ ತೆಗೆದುಕೊಂಡವಳಲ್ಲ. ಕೆಲಸ ಕೇಳಿದವರಿಗೆಲ್ಲ ಗಿರಾಕಿ ಬರೆದ ಹಾಗೆ ಒಂದು ಕಾಗದ ಕೊಟ್ಟೆ: "ಮಗನ ಪಾರ್ಟಿಗೆ ಸುಟ್ಟಗಾಯದ ಮೇಕಪ್ ಬೇಕು, ಅವನಿಗೆ 6 ವರ್ಷ, ಬಲೂನ್ ಊದಿದರೆ ತುಟಿ ಬಾತುಕೊಳ್ಳುತ್ತದೆ, ಎಷ್ಟಾಗುತ್ತೆ?" ಹೆಚ್ಚಿನವರು ಚಂದದ ಇಂಗ್ಲಿಷಿನಲ್ಲಿ ರೇಟು ಬರೆದರು. ಇವಳೊಬ್ಬಳು ರೇಟು ಬರೆಯಲೇ ಇಲ್ಲ. ಮಗುವಿಗೆ ಲೇಟೆಕ್ಸ್ ಅಲರ್ಜಿ ಇರಬಹುದು, ಡಾಕ್ಟರನ್ನು ಕೇಳಿದ್ದೀರಾ ಅಂತ ಕೇಳಿದಳು. ಬಲೂನ್ ಮಾಡುವುದೂ ಲೇಟೆಕ್ಸಿನಲ್ಲೇ ಅಲ್ವಾ, ಇಂಥ ಮೇಕಪ್ಪಿಗೂ ಅದನ್ನು ಬಳಸುವುದುಂಟು. ಮುಖ ನೋಡಿ ಏನಾಗಬೇಕು ನನಗೆ? ಆದರೂ ವೀಡಿಯೋದಲ್ಲಿ ನೋಡಿದ್ದೇನೆ ಅಪ್ಪ, ಹಿಂದೆ ಕೋಳಿ ಕೂಗುತ್ತಿತ್ತು.

ಪ್ರಸಾದನನ್ನೇ ಇಟ್ಟುಕೊಳ್ಳಬಹುದಿತ್ತು ಅಂತ ದೊಡ್ಡಮ್ಮ ಹೇಳಿದರಂತೆ. ಬಿಕಾಂ ಆಗಿದೆ, ಮನೆಯಲ್ಲೇ ಇದ್ದಾನೆ, ಎಲ್ಲ ಸರಿ. ಆದರೆ ಅವನು ಒಂದು ವಾರ ಮೇಲ್ ನೋಡದಿದ್ದರೆ ನಾನು ಬೈಯಬೇಕು. ಬೈದರೆ ಮುಂದಿನ ಮದುವೆಮನೆಯಲ್ಲಿ ದೊಡ್ಡಮ್ಮ ನಿಮ್ಮ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರಾ? ಸಂಬಳದವರನ್ನು ಬೇಡ ಅನ್ನಬಹುದು, ದೊಡ್ಡಪ್ಪನ ಮಗನನ್ನು ಬೇಡ ಅನ್ನಲಾಗದು.

ಇಲ್ಲಿ ಈಗ ಹ್ಯಾಲೋವೀನ್ ಗಲಾಟೆ, ಇದೇ 31ಕ್ಕೆ. ಮನೆಯೆದುರು ಅಸ್ಥಿಪಂಜರ ನೇತುಹಾಕುತ್ತಾರೆ, ಅಂಗಳದಲ್ಲಿ ಗೋರಿಕಲ್ಲು ನೆಡುತ್ತಾರೆ. ದುಡ್ಡು ಕೊಟ್ಟು ಹೆಣದ ಹಾಗೆ ಕಾಣಲು ಬರುತ್ತಾರೆ. ಅಜ್ಜಿಗೆ ಹೇಳಬೇಡಿ. ಮೊನ್ನೆ ಪಾರ್ಸೆಲ್ ತಂದ ಹುಡುಗ ಮೇಜಿನ ಮೇಲಿದ್ದ ಕತ್ತರಿಸಿದ ಕೈ ನೋಡಿ ಸಹಿಯನ್ನೂ ತೆಗೆದುಕೊಳ್ಳದೆ ಓಡಿದ. ನನ್ನ ಕೈಕೆಲಸಕ್ಕೆ ಅದಕ್ಕಿಂತ ದೊಡ್ಡ ಬಹುಮಾನ ಬೇಡ. ವರ್ಷವಿಡೀ ಅನ್ನ ಕೊಡುವುದು ಮಾತ್ರ ಹೆಣಗಳಲ್ಲ. ನರ್ಸಿಂಗ್ ಮಕ್ಕಳು ನೋಡಿ ಕಲಿಯಲಿ ಅಂತ ಗಾಯ ಮಾಡಿಸುತ್ತಾರೆ, ಒಳಗೆ ಸಣ್ಣ ಟ್ಯೂಬ್ ಇಟ್ಟು ರಕ್ತ ಒಸರುವ ಹಾಗೆ. ಹೀಗೆ ವರಮಾನ 30,000 ಡಾಲರ್ ದಾಟಿದ್ದರಿಂದ ಜಿಎಸ್‌ಟಿಗೂ ಹೆಸರು ಬರೆಸಿದ್ದೇನೆ. ಹೌದು, ಇಲ್ಲೂ ಜಿಎಸ್‌ಟಿ ಇದೆ, 5 ಪರ್ಸೆಂಟ್. ಮುಳುಗುವ ವ್ಯಾಪಾರಕ್ಕೆ ತೆರಿಗೆ ಯಾರು ಕಟ್ಟುತ್ತಾರೆ ಹೇಳಿ.

ಆದ್ದರಿಂದ ಚಿಂತೆ ಬೇಡ. ನಿಜವಾಗಿ ಬೇಡ. ಅಮ್ಮ, ಬಳೆ ಅಡವಿಡುವ ಮಾತು ಇನ್ನೊಮ್ಮೆ ಬರೆಯಬೇಡ, ನಿನ್ನ ಕೈಯಲ್ಲೇ ಇರಲಿ. ಸೊಸೈಟಿಯ ಕಂತು ದೀಪಾವಳಿಯ ಮೊದಲು ಬರುತ್ತದೆ. ಹೆಚ್ಚೆಂದರೆ ಅದರ ಮರುವಾರ. ನಾನು ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ನಿದ್ದೆ ಬರುತ್ತದೆ, ಮಳೆ ಶುರುವಾಗಿದೆ, ಕೊಡೆ ಇದೆ, ಎಲ್ಲ ಇದೆ.

ಬೆಲ್ ಆಯಿತು, ಮುಖದ ಅಚ್ಚಿಗೆ ಬಂದವರು. ನೀರು ಬಿಸಿ ಮಾಡಲೇ ಇಲ್ಲ. ಅಜ್ಜಿಗೆ ನಮಸ್ಕಾರ, ದೊಡ್ಡಮ್ಮನಿಗೂ. ಪ್ರಸಾದನ ಬಯೋಡೇಟಾ ಕಳಿಸಬೇಡಿ.

ಇತಿ ನಿಮ್ಮ ಮಗಳು,
ಸವಿತಾ