ಹಿರಿಯರ ಮದ್ದಿನ ತೊಟ್ಟೆಯನ್ನೊಮ್ಮೆ ಬಿಚ್ಚಿಸಿ ನೋಡಿ

ಕಾಸರಗೋಡು ಜಿಲ್ಲಾ ಪಂಚಾಯತ್ ಅಧ್ಯಕ್ಷರಿಗೆ,

ನಮಸ್ಕಾರ. ನಮ್ಮ ಮಂಜೇಶ್ವರ ಕಡೆ ಎಷ್ಟೋ ಹಿರಿಯರಿಗೆ ಮದ್ದು ಸಿಗದ ತೊಂದರೆ ಇಲ್ಲ, ಜಾಸ್ತಿಯಾದದ್ದೇ ತೊಂದರೆ. ಹೃದಯಕ್ಕೆ, ಗಂಟುನೋವಿಗೆ ಮಂಗಳೂರಿನ ಡಾಕ್ಟರು. ಬಿಪಿ, ಶುಗರಿಗೆ ಊರಿನ ಕುಟುಂಬ ಆರೋಗ್ಯ ಕೇಂದ್ರ. ನಿದ್ದೆ ಬಾರದಿದ್ದರೆ ಮೆಡಿಕಲ್. ಎಲ್ಲ ಚೀಟಿಗಳನ್ನು ಒಟ್ಟಿಗೆ ಇಟ್ಟು ನೋಡುವವರು ಮಾತ್ರ ಯಾರೂ ಇಲ್ಲ.

ನೆರೆಮನೆಯ ಅಜ್ಜಿಯ ತೊಟ್ಟೆಯಲ್ಲಿ ಬಿಪಿಯ ಅಮ್ಲೋಡಿಪಿನ್ ಎಂಬ ಒಂದೇ ಮದ್ದು ಎರಡು ಬಗೆಯದಿತ್ತು. ಒಂದು ಮಂಗಳೂರಿನಲ್ಲಿ ಬರೆದುಕೊಟ್ಟ ಕಂಪೆನಿ ಹೆಸರಿನದ್ದು, ಇನ್ನೊಂದು ಸರಕಾರಿ ಕೇಂದ್ರದ್ದು. ಹೆಸರು ಬೇರೆ, ಬಣ್ಣ ಬೇರೆ. ಅವರು ಎರಡನ್ನೂ ನುಂಗುತ್ತಿದ್ದರು. ಈ ಮದ್ದಿನಿಂದ ಕೆಲವರಿಗೆ ಪಾದ ಊದುವುದುಂಟು. ಅವರಿಗೂ ಊದಿತು. ಊತಕ್ಕೆ ಇನ್ನೊಬ್ಬರು ಮೂತ್ರ ಹೋಗುವ ಮಾತ್ರೆ ಬರೆದರು. ರಾತ್ರಿ ಎದ್ದೆದ್ದು ಹೋಗಿ ನಿದ್ದೆ ಕೆಟ್ಟಿತು. ಅದಕ್ಕೆ ಅಲ್ಪ್ರಾಜೊಲಾಮ್ ಬಂತು, ಚೀಟಿಯೇ ಇಲ್ಲದೆ. ಮಂಪರಿನಲ್ಲಿ ಬಚ್ಚಲಿಗೆ ಹೋದವರು ಬಿದ್ದು ಸೊಂಟ ಮುರಿದುಕೊಂಡರು. "ಪ್ರಾಯ ಆಯ್ತಲ್ವಾ" ಎಂದು ಊರವರು ಸುಮ್ಮನಾದರು.

ಪ್ರಾಯವಾದಂತೆ ಕಿಡ್ನಿ ನಿಧಾನವಾಗುತ್ತದೆ, ಹಲವು ಮದ್ದುಗಳು ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ. ಶುಗರಿನ ಗ್ಲಿಬೆನ್‌ಕ್ಲಮೈಡ್ ಸಕ್ಕರೆಯನ್ನು ತೀರಾ ಇಳಿಸಿಬಿಡಬಹುದು. ಗಂಟುನೋವಿಗೆ ದಿನಾ ನುಂಗುವ ಡೈಕ್ಲೊಫೆನಾಕ್ ಕಿಡ್ನಿಗೆ ಪೆಟ್ಟು ಕೊಡುತ್ತದೆ, ಬಿಪಿಯನ್ನೂ ಏರಿಸುತ್ತದೆ. ಹಿರಿಯರಿಗೆ ಆದಷ್ಟು ಕೊಡಬಾರದ ಮದ್ದುಗಳ ಪಟ್ಟಿಯನ್ನು ಅಮೆರಿಕದಲ್ಲಿ ಮಾರ್ಕ್ ಬೀರ್ಸ್ ಮತ್ತು ಜೊತೆಯವರು 1991ರಲ್ಲೇ ಮಾಡಿದ್ದಾರೆ. ಅದನ್ನು ಈಗಲೂ ತಿದ್ದುತ್ತಾ ಬರುತ್ತಿದ್ದಾರೆ. (ಇದನ್ನು ಓದಿ ಯಾರೂ ತಾವಾಗಿ ಮಾತ್ರೆ ನಿಲ್ಲಿಸಬೇಡಿ. ಕೆಲವನ್ನು ಒಮ್ಮೆಲೇ ಬಿಟ್ಟರೆ ಇನ್ನೂ ಅಪಾಯ.)

ಡಾಕ್ಟರುಗಳನ್ನು ದೂರಿ ಪ್ರಯೋಜನವಿಲ್ಲ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣುವುದೇ ಇಲ್ಲ. ಹಾಗಾಗಿ ಆರು ತಿಂಗಳಿಗೊಮ್ಮೆ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಒಂದು ದಿನ ಇದಕ್ಕೇ ಇಡಿಸಿ. ಹಿರಿಯರು ಮನೆಯಲ್ಲಿರುವ ಮದ್ದೆಲ್ಲ ತರಲಿ, ಎಣ್ಣೆ, ಅರಿಷ್ಟ, ಲೇಹವನ್ನೂ. ಬೇಡದ್ದನ್ನು ಡಾಕ್ಟರೇ ತೆಗೆಯಲಿ. ಹಾಸಿಗೆ ಹಿಡಿದವರ ಮನೆಗೆ ಹೇಗೂ ಪಾಲಿಯೇಟಿವ್ ನರ್ಸ್ ಹೋಗುತ್ತಾರೆ, ಪಟ್ಟಿ ಬರೆದು ತಂದು ಡಾಕ್ಟರಿಗೆ ತೋರಿಸಬಹುದು. ಯಾವುದನ್ನು ಯಾವಾಗ ತೆಗೆದುಕೊಳ್ಳಬೇಕೆಂದು ಕನ್ನಡದಲ್ಲಿ ಬರೆದುಕೊಡಿ. ಕೌಂಟರಿನಲ್ಲಿ ಮಲಯಾಳದಲ್ಲಿ ಹೇಳಿದ್ದಕ್ಕೆ ತಲೆಯಾಡಿಸಿ ಬರುವ ಅಜ್ಜಂದಿರು ಇಲ್ಲಿ ಬೇಕಾದಷ್ಟಿದ್ದಾರೆ.

ಅಲ್ಪ್ರಾಜೊಲಾಮ್ ಮಾರಿದರೆ ಡಾಕ್ಟರ ಮತ್ತು ರೋಗಿಯ ಹೆಸರನ್ನು ಅಂಗಡಿಯವರು ರಿಜಿಸ್ಟರಿನಲ್ಲಿ ಬರೆಯಬೇಕೆಂಬ ನಿಯಮ 2014ರಿಂದ ಇದೆ. ಅದರ ತಪಾಸಣೆ ನಿಮ್ಮ ಕೈಯಲ್ಲಿಲ್ಲ, ಸರಿ. ಔಷಧ ನಿಯಂತ್ರಣ ಇಲಾಖೆಗೆ ಒಂದು ಪತ್ರ ಬರೆಯಬಹುದಲ್ವಾ?

ಇಡೀ ಜಿಲ್ಲೆಯಲ್ಲಿ ಒಮ್ಮೆಲೇ ಆಗದಿದ್ದರೆ ಮಂಜೇಶ್ವರ ತಾಲೂಕಿನ ಒಂದು ಪಂಚಾಯತಿನಲ್ಲಿ ಮೊದಲು ಮಾಡಿಸಿ.

ಇತಿ,
ಮಂಜೇಶ್ವರ ತಾಲೂಕಿನ ಒಬ್ಬ ನಿವಾಸಿ