ಪುಟ್ಟ ಪಕ್ಷದ ಚರಿತ್ರೆ ಬರೆಯುವವಳಿಗೆ

ಪ್ರಿಯ ಮಂಜುಳಾ,

ಟರ್ಕಿ ಕಾರ್ಮಿಕರ ಪಕ್ಷವೆಂಬ ಸಮಾಜವಾದಿ ಪಕ್ಷದ ಬಗ್ಗೆ ನೀನು ಕಳಿಸಿದ ಕರಡನ್ನು ಓದಿದೆ. ಇಂಥ ವಿಷಯವನ್ನು ಕನ್ನಡದಲ್ಲಿ ಬರೆಯಲು ಹೊರಟಿರುವೆಯಲ್ಲ, ಅದೇ ನನಗೆ ಹಿಗ್ಗು. ಆದರೆ ಮೊದಲ ಪುಟದಲ್ಲೇ ‘ಜನಬೆಂಬಲವಿಲ್ಲದೆ ಕರಗಿಹೋದ ಪಕ್ಷ’ ಎಂದು ತೀರ್ಪು ಕೊಟ್ಟುಬಿಟ್ಟಿದ್ದೀಯೆ. ಆ ಸಾಲನ್ನು ಹೊಡೆದುಹಾಕು.

ನೀನೇ ಕೊಟ್ಟ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡು. 1965ರ ಚುನಾವಣೆಯಲ್ಲಿ ಪಕ್ಷಕ್ಕೆ ಬಂದದ್ದು ಶೇ. 3ರ ಆಸುಪಾಸಿನ ಮತ. 450 ಸ್ಥಾನಗಳ ಸದನದಲ್ಲಿ ಹತ್ತಕ್ಕೂ ಹೆಚ್ಚು ಸ್ಥಾನ ದಕ್ಕಿತು. 1969ರಲ್ಲಿ ಮತ ಶೇ. 2.7ರಷ್ಟು, ಸ್ಥಾನ ಮಾತ್ರ ಎರಡೇ. ನಡುವೆ ಬದಲಾದದ್ದು ಎಣಿಕೆಯ ನಿಯಮ. 1965ರಲ್ಲಿ ಪ್ರಾಂತ್ಯಗಳಲ್ಲಿ ಸ್ಥಾನ ತರಲಾಗದೆ ಉಳಿದ ಮತಗಳನ್ನೆಲ್ಲ ದೇಶದ ಮಟ್ಟದಲ್ಲಿ ಒಟ್ಟುಗೂಡಿಸಿ, ಹಂಚದೆ ಮಿಕ್ಕ ಸ್ಥಾನಗಳನ್ನು ಆ ಲೆಕ್ಕದ ಮೇಲೆ ಕೊಟ್ಟಿದ್ದರು. ಅಲ್ಲಿ ಇಲ್ಲಿ ಚದುರಿದ ಮತಗಳಿದ್ದ ಪಕ್ಷಕ್ಕೆ ಅದೇ ಆಸರೆ. ಪ್ರಧಾನಿ ದೆಮಿರೆಲ್ ಅವರ ಜಸ್ಟಿಸ್ ಪಕ್ಷದ ಸರ್ಕಾರವಿದ್ದಾಗ, 1968ರಲ್ಲಿ, ಆ ಪದ್ಧತಿಯನ್ನು ತೆಗೆದುಹಾಕಲಾಯಿತು. ನಿನ್ನ ಕರಡಿನಲ್ಲಿ ಇದಕ್ಕೆ ಅರ್ಧ ಸಾಲು ಸಿಕ್ಕಿದೆ. ನನ್ನ ಮಟ್ಟಿಗೆ ಇಡೀ ಪುಸ್ತಕದ ತಿರುಳೇ ಇದು. ಇಷ್ಟು ಸಣ್ಣ ಪಕ್ಷದ ದನಿ ದೊಡ್ಡವರಿಗೆ ಅಷ್ಟು ಅಸಹನೀಯವಾದದ್ದು ಏಕೆ ಎಂದು ಕೇಳುತ್ತಾ ಹೋಗು.

ಆಗ ಚೆತಿನ್ ಅಲ್ತಾನ್ ತಾನಾಗಿಯೇ ಮುಂದೆ ಬರುತ್ತಾರೆ. ಪತ್ರಕರ್ತ, ಪಕ್ಷದ ಸಂಸದ. 1967ರಲ್ಲಿ ಮೊಕದ್ದಮೆಯಿಂದ ಸಂಸದರಿಗಿರುವ ರಕ್ಷಣೆಯನ್ನು ಸದನ ಅವರಿಂದ ಕಿತ್ತುಕೊಂಡಿತು. ಸಾಂವಿಧಾನಿಕ ನ್ಯಾಯಾಲಯ ಅದನ್ನು ರದ್ದುಮಾಡಿತು. ಮರುವರ್ಷ ಫೆಬ್ರವರಿಯಲ್ಲಿ ಸದನದೊಳಗೇ ಆಳುವ ಪಕ್ಷದ ಸದಸ್ಯರು ಅವರ ಮೇಲೆ ಕೈಮಾಡಿದರು. ಈ ಪ್ರಸಂಗವನ್ನು ನಿಧಾನವಾಗಿ, ವಿಶೇಷಣಗಳಿಲ್ಲದೆ ಬರೆ.

ಇನ್ನೊಂದು ಮಾತು. ಕಥೆಯನ್ನು ಕಾನೂನು ವಿದ್ವಾಂಸ ಮೆಹ್ಮೆತ್ ಅಲಿ ಐಬಾರ್ ಅವರಿಂದ ಶುರುಮಾಡಿದ್ದೀಯೆ. 1961ರ ಫೆಬ್ರವರಿ 13ರಂದು ಇಸ್ತಾಂಬುಲ್‌ನಲ್ಲಿ ಪಕ್ಷ ಕಟ್ಟಿದವರು ಕಾರ್ಮಿಕ ಸಂಘಗಳ 12 ಮುಖಂಡರು. ಐಬಾರ್ ಅಧ್ಯಕ್ಷರಾದದ್ದು ಮರುವರ್ಷ. ಓದುಬರಹದವರ ಕಣ್ಣು ಓದುಬರಹದವರ ಮೇಲೆಯೇ ಬೀಳುತ್ತದೆ, ಜಾಗ್ರತೆ.

ಒಳಜಗಳವನ್ನು ಮುಚ್ಚಿಡಬೇಡ. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಚೆಕೊಸ್ಲೊವಾಕಿಯಾಕ್ಕೆ ನುಗ್ಗಿದಾಗ ಐಬಾರ್ ಬಹಿರಂಗವಾಗಿ ಖಂಡಿಸಿದರು. ಬೆಹಿಜೆ ಬೊರಾನ್ ಮತ್ತು ಸಂಗಡಿಗರು ಅವರಿಗೆ ಎದುರು ನಿಂತರು, ಪಕ್ಷ ಒಡೆಯಿತು. ಬೊರಾನ್ ಮೇಲಿನ ನಿನ್ನ ಅಭಿಮಾನ ನನಗೆ ಅರ್ಥವಾಗುತ್ತದೆ. ವಿಶ್ವವಿದ್ಯಾಲಯದಿಂದ ಹೊರಹಾಕಿಸಿಕೊಂಡ ಸಮಾಜಶಾಸ್ತ್ರಜ್ಞೆ, ಉರ್ಫಾದಿಂದ ಗೆದ್ದ ಸಂಸದೆ, 15 ವರ್ಷಗಳ ಶಿಕ್ಷೆಗೆ ಗುರಿಯಾಗಿ 1974ರ ಕ್ಷಮಾದಾನದಲ್ಲಿ ಹೊರಬಂದು ಮರುವರ್ಷವೇ, 1971ರಲ್ಲಿ ಮುಚ್ಚಿಸಲಾಗಿದ್ದ ಪಕ್ಷವನ್ನು ಮತ್ತೆ ಕಟ್ಟಿದವರು, 1987ರಲ್ಲಿ ಬ್ರಸೆಲ್ಸ್‌ನಲ್ಲಿ ದೇಶಭ್ರಷ್ಟರಾಗಿಯೇ ತೀರಿಕೊಂಡವರು. ಆದರೂ ಈ ಜಗಳದಲ್ಲಿ ಐಬಾರ್ ಅವರ ವಾದವನ್ನೂ ಅಷ್ಟೇ ನ್ಯಾಯವಾಗಿ ಹೇಳು.

1978ರ ಅಕ್ಟೋಬರ್‌ನಲ್ಲಿ ಅಂಕಾರಾದ ಬಾಹ್ಚೆಲಿಎವ್ಲೆರ್‌ನಲ್ಲಿ ಕೊಲೆಯಾದ ಏಳು ಯುವಕರನ್ನು ‘ಬಲಿದಾನ’ ಎಂಬ ಒಂದು ಪದದಲ್ಲಿ ಮುಗಿಸಿದ್ದೀಯೆ. ಅವರು ಪಕ್ಷದ ಸದಸ್ಯರಾಗಿದ್ದ ವಿದ್ಯಾರ್ಥಿಗಳು. ಒಬ್ಬೊಬ್ಬರ ಹೆಸರನ್ನೂ ಬರೆ.

ಮುಂದಿನ ಕರಡಿಗೆ ಮೊದಲು 1971ರಲ್ಲಿ ಪಕ್ಷವನ್ನು ಮುಚ್ಚಿಸಿದ ತೀರ್ಪನ್ನು ಪೂರ್ತಿ ಓದು. ಟರ್ಕಿಯ ಪೂರ್ವ ಭಾಗದಲ್ಲಿ ಕುರ್ದ್ ಎಂಬ ಪ್ರತ್ಯೇಕ ಜನರಿದ್ದಾರೆ ಎಂದು 1970ರ ಮಹಾಧಿವೇಶನ ಅಂಗೀಕರಿಸಿದ ನಿರ್ಣಯವೇ ಅದಕ್ಕೆ ಆಧಾರ. ನಿರ್ಣಯವನ್ನೂ ತೀರ್ಪನ್ನೂ ಒಂದೇ ಪುಟದಲ್ಲಿ ಎದುರುಬದುರು ಇಟ್ಟು ಬರೆದು ಕಳಿಸು. ಮಿಕ್ಕದ್ದು ಆಮೇಲೆ ಮಾತಾಡೋಣ.

ಪ್ರೀತಿಯಿಂದ,
ನಿನ್ನ ಹಿರಿಯ ಮಿತ್ರ